ಕಿಟಕಿಯಲ್ಲಿ ಕುಳಿತವರನ್ನು ಮರೆಯದಿರೋಣ

ಸಭಾಂಗಣದಲ್ಲೂ ಮನೆಗಳಲ್ಲೂ ಏಕಕಾಲಕ್ಕೆ ನಡೆಯುವ ಕೂಟಗಳಲ್ಲಿ ಎರಡನೇ ಪರದೆಯ ಸದ್ಬಳಕೆ



ಪ್ರೇಷಿತರ ಕಾರ್ಯಕಲಾಪಗಳ 20ನೇ ಅಧ್ಯಾಯದಲ್ಲಿ (7ರಿಂದ 12ನೇ ವಚನ) ಒಂದು ಚಿಕ್ಕ ಘಟನೆ ಇದೆ. ತ್ರೋವ ಪಟ್ಟಣದ ವಿಶ್ವಾಸಿಗಳು ವಾರದ ಮೊದಲನೆಯ ದಿನ ರೊಟ್ಟಿ ಮುರಿಯಲು ಮೇಲಂತಸ್ತಿನ ಕೋಣೆಯೊಂದರಲ್ಲಿ ಸೇರಿದ್ದರು. ಅಲ್ಲಿ ಅನೇಕ ದೀಪಗಳು ಉರಿಯುತ್ತಿದ್ದವು. ಮರುದಿನವೇ ಹೊರಡಬೇಕಾಗಿದ್ದ ಸಂತ ಪೌಲರು ನಡುರಾತ್ರಿಯವರೆಗೂ ಬೋಧಿಸುತ್ತಿದ್ದರು. ಕಿಟಕಿಯಲ್ಲಿ ಕುಳಿತಿದ್ದ ಯೂತಿಕ ಎಂಬ ಯುವಕ ನಿದ್ದೆಗೆ ಜಾರಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲರು ಬೋಧನೆ ನಿಲ್ಲಿಸಿ, ಕೆಳಗಿಳಿದು ಹೋಗಿ, ಅವನನ್ನು ಅಪ್ಪಿಕೊಂಡು, ಅವನಲ್ಲಿ ಜೀವವಿದೆ ಎಂದು ಎಲ್ಲರಿಗೂ ಧೈರ್ಯ ತುಂಬಿದರು. ಅನಂತರವೇ ರೊಟ್ಟಿ ಮುರಿಯುವ ಕಾರ್ಯ ಮುಂದುವರಿಯಿತು.

ಕಿಟಕಿಯಲ್ಲಿ ಕುಳಿತವನು ಪೂರ್ತಿ ಒಳಗೂ ಇಲ್ಲ, ಪೂರ್ತಿ ಹೊರಗೂ ಇಲ್ಲ. ಇಂದು ನಮ್ಮ ಧರ್ಮಕೇಂದ್ರಗಳಲ್ಲಿಯೂ ಅಂಥವರಿದ್ದಾರೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯಿಂದಾಗಿ ದೇವಾಲಯಗಳ ಬಾಗಿಲು ಮುಚ್ಚಿದಾಗ ನಾವೆಲ್ಲರೂ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಪ್ರಾರ್ಥಿಸಲು ಕಲಿತೆವು. ಬಾಗಿಲು ತೆರೆದ ಮೇಲೂ ಕೆಲವು ಕೂಟಗಳು ಎರಡೂ ಕಡೆ ಸೇರಿ ನಡೆಯುತ್ತಿವೆ. ಕಿರು ಕ್ರೈಸ್ತ ಸಮುದಾಯದ ಸಭೆ, ಬೈಬಲ್ ಅಧ್ಯಯನ, ಮೃತರ ಸ್ಮರಣೆಯ ಜಪಸರ ಮುಂತಾದವುಗಳಲ್ಲಿ ಅರ್ಧ ಜನ ಸಭಾಂಗಣದಲ್ಲಿದ್ದರೆ, ಹಾಸಿಗೆ ಹಿಡಿದ ಅಜ್ಜಿ, ಪುಟ್ಟ ಮಗುವಿನ ತಾಯಿ, ಕೊಲ್ಲಿ ದೇಶದಲ್ಲಿರುವ ಮಗ ಇವರೆಲ್ಲರೂ ಜೂಮ್ ಮೂಲಕ ಸೇರುತ್ತಾರೆ. ಇವರೇ ನಮ್ಮ ಕಾಲದ ಕಿಟಕಿಯಲ್ಲಿ ಕುಳಿತವರು.

ಸಭಾಂಗಣದ ಗೋಡೆಯ ಮೇಲೆ ಗೀತೆಯ ಸಾಲುಗಳು ಚೆನ್ನಾಗಿ ಮೂಡಿರುತ್ತವೆ. ಮನೆಯಲ್ಲಿರುವವರಿಗೆ ಮಾತ್ರ ಬರಿಯ ಬೆನ್ನುಗಳು ಕಾಣುತ್ತಿರುತ್ತವೆ. ಅವರು ಬಿದ್ದುಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ಸದ್ದಿಲ್ಲದೆ ಮೊಬೈಲ್ ಆರಿಸಿ ಮಲಗಿಬಿಡುತ್ತಾರೆ. ಹೀಗಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಈ ವಾರದ ಪಾಠ.

ಮೂರು ನೋಟಗಳು

ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಮತ್ತು ಜೂಮ್ ಮೂರೂ ಸೇರಿದಾಗ ಮೂರು ಬೇರೆ ಬೇರೆ ನೋಟಗಳಿರುತ್ತವೆ. ಒಂದು, ಲ್ಯಾಪ್‌ಟಾಪ್ ನಡೆಸುವವರು ನೋಡುವ ಪರದೆ. ಎರಡು, ಸಭಾಂಗಣದ ಜನ ನೋಡುವ ದೊಡ್ಡ ಪರದೆ. ಮೂರು, ಮನೆಯಲ್ಲಿರುವವರು ನೋಡುವ ಪರದೆ. ಗೋಡೆಯ ಮೇಲೆ ಕಂಡದ್ದೆಲ್ಲ ಮನೆಯವರಿಗೂ ತಾನಾಗಿಯೇ ಕಾಣುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಅದು ಸರಿಯಲ್ಲ. ಜೂಮಿನಲ್ಲಿ 'ಶೇರ್' ಒತ್ತಿ ಆರಿಸಿಕೊಟ್ಟದ್ದು ಮಾತ್ರ ಅವರಿಗೆ ತಲಪುತ್ತದೆ. ಇದೊಂದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಪರದೆಯನ್ನು ಬೇರ್ಪಡಿಸುವುದು

ವಿಂಡೋಸ್ ಇರುವ ಲ್ಯಾಪ್‌ಟಾಪಿಗೆ ಪ್ರೊಜೆಕ್ಟರಿನ ಕೇಬಲ್ ಜೋಡಿಸಿದ ಮೇಲೆ, ವಿಂಡೋಸ್ ಗುರುತಿನ ಕೀಲಿಯನ್ನೂ 'ಪಿ' ಅಕ್ಷರವನ್ನೂ ಒಟ್ಟಿಗೆ ಒತ್ತಿರಿ. ನಾಲ್ಕು ಆಯ್ಕೆಗಳು ಬರುತ್ತವೆ. 'ಡೂಪ್ಲಿಕೇಟ್' ಎಂದರೆ ನಿಮ್ಮ ಪರದೆಯಲ್ಲಿ ಇರುವುದೆಲ್ಲ ಗೋಡೆಯ ಮೇಲೂ ಕಾಣುತ್ತದೆ. 'ಎಕ್ಸ್‌ಟೆಂಡ್' ಎಂದರೆ ಗೋಡೆಯು ಒಂದು ಪ್ರತ್ಯೇಕ ಪರದೆಯಾಗುತ್ತದೆ. ನೀವು ಅಲ್ಲಿಗೆ ಎಳೆದು ಇಟ್ಟದ್ದು ಮಾತ್ರ ಜನರಿಗೆ ಕಾಣುತ್ತದೆ. ಪ್ರಾರ್ಥನಾಕೂಟಗಳಿಗೆ ಬೇಕಾದುದು 'ಎಕ್ಸ್‌ಟೆಂಡ್'. ಉಳಿದ ಎರಡು ಆಯ್ಕೆಗಳಲ್ಲಿ ಒಂದೇ ಪರದೆ ಕೆಲಸ ಮಾಡುವುದರಿಂದ ಅವು ನಮಗೆ ಉಪಯೋಗವಿಲ್ಲ.

ಒಂದು ವಿಂಡೋವನ್ನು ಈ ಪರದೆಯಿಂದ ಆ ಪರದೆಗೆ ಕಳುಹಿಸಲು ಮೌಸ್ ಹಿಡಿದು ಎಳೆಯಬಹುದು. ಅಥವಾ ವಿಂಡೋಸ್ ಕೀಲಿ, 'ಶಿಫ್ಟ್' ಮತ್ತು ಎಡ ಅಥವಾ ಬಲ ಬಾಣದ ಗುರುತನ್ನು ಒಟ್ಟಿಗೆ ಒತ್ತಬಹುದು. ಆರಿಸಿದ ಪ್ರೊಜೆಕ್ಟರಿನ ಕಡೆ ಸಿಕ್ಕಿಕೊಂಡು ಕಾಣದೆಹೋದ ವಿಂಡೋವನ್ನು ಹಿಂದಕ್ಕೆ ತರಲೂ ಇದೇ ಉಪಾಯ.

ಗೀತೆ, ವಾಚನ ಮತ್ತು ಮುಖಗಳು

ಗೀತೆಗಳನ್ನು ಪವರ್‌ಪಾಯಿಂಟಿನಲ್ಲಿ ಸಿದ್ಧಪಡಿಸಿದ್ದರೆ ಮೊದಲು ಅದರ ಪ್ರದರ್ಶನವನ್ನು ಗೋಡೆಯ ಪರದೆಯಲ್ಲಿ ಆರಂಭಿಸಿ. ಅನಂತರ ಜೂಮಿನಲ್ಲಿ 'ಶೇರ್' ಒತ್ತಿ, ಆ ಪ್ರದರ್ಶನದ ವಿಂಡೋವನ್ನೇ ಆರಿಸಿಕೊಳ್ಳಿ. ಧ್ವನಿಯಿರುವ ಚಿತ್ರವನ್ನು ತೋರಿಸುವುದಾದರೆ ಅದೇ ಜಾಗದಲ್ಲಿರುವ 'ಶೇರ್ ಸೌಂಡ್' ಎಂಬುದಕ್ಕೆ ಗುರುತು ಹಾಕಲು ಮರೆಯಬೇಡಿ; ಇಲ್ಲವಾದರೆ ಮನೆಯವರಿಗೆ ಮೂಕಚಿತ್ರವೇ ಗತಿ.

ಗೀತೆ ಮುಗಿದೊಡನೆ 'ಶೇರ್' ನಿಲ್ಲಿಸಿ. ಆಗ ಮನೆಯವರಿಗೆ ಗುರುಗಳ ಅಥವಾ ವಾಚಕರ ಮುಖ ಕಾಣುತ್ತದೆ. ಮನೆಯಲ್ಲಿರುವ ಒಬ್ಬರು ವಾಚನ ಓದುವುದಾದರೆ ಅಥವಾ ತಮ್ಮ ಕೋರಿಕೆಯನ್ನು ಅರ್ಪಿಸುವುದಾದರೆ, ಜೂಮಿನ ವಿಂಡೋವನ್ನು ಗೋಡೆಯ ಪರದೆಗೆ ಎಳೆದು ದೊಡ್ಡದು ಮಾಡಿ. ಸಭಾಂಗಣದವರು ಅವರ ಮುಖವನ್ನು ನೋಡಲಿ. ಹಾಸಿಗೆಯಲ್ಲಿರುವ ಅಜ್ಜಿ ಐದನೆಯ ರಹಸ್ಯವನ್ನು ಮುನ್ನಡೆಸುವಾಗ ನೂರು ಜನ ಅವರ ಮುಖ ನೋಡಿ ಉತ್ತರ ಕೊಟ್ಟರೆ, ಆ ದಿನ ಅವರು ರೋಗಿಯಾಗಿ ಅಲ್ಲ, ಸಮುದಾಯದ ಒಬ್ಬ ಸದಸ್ಯೆಯಾಗಿ ಮಲಗುತ್ತಾರೆ.

ಮೌನ ಪ್ರಾರ್ಥನೆಯ ವೇಳೆ ಪ್ರದರ್ಶನದ ನಡುವೆ 'ಬಿ' ಅಕ್ಷರವನ್ನು ಒತ್ತಿದರೆ ಗೋಡೆಯ ಪರದೆ ಕಪ್ಪಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಹಿಂದಕ್ಕೆ ಬರುತ್ತದೆ. ಅದಕ್ಕೆ ಮುಂಚೆ 'ಶೇರ್' ನಿಲ್ಲಿಸಿದ್ದರೆ ಮನೆಯವರಿಗೆ ಕತ್ತಲೆಯ ಬದಲು ಶಿಲುಬೆಯೂ ಉರಿಯುವ ದೀಪವೂ ಕಾಣುತ್ತವೆ. ಕ್ಯಾಮೆರಾವನ್ನು ಆ ಕಡೆಗೆ ತಿರುಗಿಸಿಡಿ.

ಕನ್ನಡ ಅಕ್ಷರಗಳ ಬಗ್ಗೆ ಒಂದು ಮಾತು. ಹಳೆಯ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಗೀತೆಗಳು, ಆ ಅಕ್ಷರಗಳಿಲ್ಲದ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿಬಿಡುತ್ತವೆ. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ, ಅಥವಾ ಮೊದಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಒಂದು ಪುಟಕ್ಕೆ ನಾಲ್ಕೈದು ಸಾಲು ಸಾಕು. ಮನೆಯಲ್ಲಿ ಹಲವರು ಅಂಗೈಯಗಲದ ಮೊಬೈಲಿನಲ್ಲಿ ಅದನ್ನು ಓದಬೇಕಾಗಿದೆ.

ಧ್ವನಿ

ಇಂಟರ್‌ನೆಟ್ಟಿನ ಮೂಲಕ ಧ್ವನಿ ತಲಪಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದುದರಿಂದ ಎರಡೂ ಕಡೆಯವರು ಒಟ್ಟಾಗಿ ಜಪಸರ ಹೇಳಿದರೆ ಗೊಂದಲವೇ ಸರಿ. ಮನೆಯಿಂದ ಒಬ್ಬರು ಮಾತ್ರ ಮೊದಲ ಭಾಗವನ್ನು ಹೇಳಲಿ, ಸಭಾಂಗಣದವರು ಎರಡನೆಯ ಭಾಗವನ್ನು ಹೇಳಲಿ. ಉಳಿದವರು ಮೈಕ್ ಮುಚ್ಚಿಕೊಂಡು ತಮ್ಮ ತಮ್ಮ ಮನೆಯಲ್ಲಿ ಜೋರಾಗಿಯೇ ಪ್ರಾರ್ಥಿಸಲಿ. ಸಭಾಂಗಣದೊಳಗೆ ಒಂದೇ ಉಪಕರಣದ ಮೈಕ್ ಮತ್ತು ಸ್ಪೀಕರ್ ತೆರೆದಿರಬೇಕು. ಎರಡನೆಯ ಮೊಬೈಲ್ ತೆರೆದರೆ ಕಿವಿ ಕಚ್ಚುವ ಸದ್ದು ಹುಟ್ಟುತ್ತದೆ. ಗಾಯನವೃಂದದ ಹಾಡು ಕಡಿದು ಕಡಿದು ಕೇಳುವುದಾದರೆ, ಜೂಮ್ ಅದನ್ನು ಗದ್ದಲವೆಂದು ತಿಳಿದು ಅಡಗಿಸುತ್ತಿರಬಹುದು. ಸಂಗೀತಕ್ಕಾಗಿಯೇ ಇರುವ 'ಒರಿಜಿನಲ್ ಸೌಂಡ್' ಎಂಬ ಆಯ್ಕೆಯನ್ನು ತೆರೆಯಿರಿ.

ಪರರ ಮಾನ ಕಾಪಾಡುವುದು

ಇದು ಕೇವಲ ಯಂತ್ರದ ವಿಷಯವಲ್ಲ, ಮನಸ್ಸಾಕ್ಷಿಯ ವಿಷಯ. ಹೀಗೆ ಊಹಿಸಿಕೊಳ್ಳಿ. ವಿನ್ಸೆಂಟ್ ದಿ ಪೌಲ್ ಸಭೆಯ ಕಾರ್ಯದರ್ಶಿಯವರ ಲ್ಯಾಪ್‌ಟಾಪನ್ನೇ ಪ್ರಾರ್ಥನಾಕೂಟಕ್ಕೂ ತರಲಾಗಿದೆ. ಪರದೆ 'ಡೂಪ್ಲಿಕೇಟ್' ಆಗಿದೆ. ಗೀತೆಯನ್ನು ಹುಡುಕುವ ಗಡಿಬಿಡಿಯಲ್ಲಿ, ಸಹಾಯ ಪಡೆಯುವ ಬಡ ಕುಟುಂಬಗಳ ಪಟ್ಟಿ ತೆರೆದುಕೊಳ್ಳುತ್ತದೆ. ಆ ಕುಟುಂಬದ ಮಗಳು ಮೂರನೆಯ ಬೆಂಚಿನಲ್ಲಿ ಗೆಳತಿಯರೊಡನೆ ಕುಳಿತಿದ್ದಾಳೆ. ಎರಡು ಕ್ಷಣ ಸಾಕು; ಆ ಕುಟುಂಬ ಮತ್ತೆ ಸಹಾಯ ಕೇಳಲು ಬರಲಾರದು. ಅದೇ ರೀತಿ, ಮೃತರ ಜಪಸರದ ನಡುವೆ ವಾಟ್ಸ್ಆಪ್ ಸಂದೇಶವೊಂದು ಪರದೆಯ ಮೂಲೆಯಲ್ಲಿ ಮೂಡಿ ಯಾರದೋ ಮನೆಯ ಜಗಳವನ್ನು ಬಯಲು ಮಾಡಬಹುದು.

ಯಾರೂ ಮತ್ತೊಬ್ಬರ ಸತ್ಕೀರ್ತಿಗೆ ಅನ್ಯಾಯವಾಗಿ ಧಕ್ಕೆ ತರಬಾರದು, ಅವರ ಖಾಸಗಿತನದ ಹಕ್ಕನ್ನು ಉಲ್ಲಂಘಿಸಬಾರದು ಎಂದು ಧರ್ಮಸಭೆಯ ಕಾನೂನಿನ 220ನೇ ವಿಧಿ ತಿಳಿಸುತ್ತದೆ. ಆದುದರಿಂದ ಈ ನಿಯಮಗಳನ್ನು ಪಾಲಿಸೋಣ.

1. ಕೂಟಕ್ಕೆ ಸಂಬಂಧವಿಲ್ಲದ ಎಲ್ಲವನ್ನೂ, ವಾಟ್ಸ್ಆಪ್, ಮಿಂಚಂಚೆ ಸಹಿತವಾಗಿ, ಮೊದಲೇ ಮುಚ್ಚಿ. ಸೂಚನೆಗಳು ಬಾರದಂತೆ 'ಡು ನಾಟ್ ಡಿಸ್ಟರ್ಬ್' ಹಾಕಿ.

2. ಇಡೀ ಪರದೆಯನ್ನು 'ಶೇರ್' ಮಾಡಬೇಡಿ. ಬೇಕಾದ ಒಂದು ವಿಂಡೋವನ್ನು ಮಾತ್ರ ಮಾಡಿ.

3. ಕಾಯಿಲೆ, ಸಾಲ, ಕುಟುಂಬದ ಕಷ್ಟಗಳ ಕೋರಿಕೆಗಳನ್ನು ಹೆಸರು ಸಹಿತ ಪರದೆಯ ಮೇಲೆ ಬರೆಯಬೇಡಿ.

4. ಮನೆಯಲ್ಲಿರುವವರ ಮುಖವನ್ನು ಗೋಡೆಯ ಮೇಲೆ ತೋರಿಸುವ ಮುನ್ನ ಅವರ ಒಪ್ಪಿಗೆ ಕೇಳಿ. ರೋಗಶಯ್ಯೆಯಲ್ಲಿರುವವರು ಬೇಡವೆಂದರೆ ಧ್ವನಿಯಷ್ಟೇ ಸಾಕು.

5. ಸಭೆಯ ಕೊಂಡಿಯನ್ನು ಎಲ್ಲೆಡೆ ಹಂಚಬೇಡಿ. 'ವೇಟಿಂಗ್ ರೂಮ್' ಇಟ್ಟುಕೊಂಡು ಪರಿಚಿತರನ್ನು ಮಾತ್ರ ಒಳಗೆ ಬಿಡಿ. 'ಶೇರ್' ಮಾಡುವ ಅಧಿಕಾರ ನಡೆಸುವವರ ಕೈಯಲ್ಲಿಯೇ ಇರಲಿ.

ಇಬ್ಬರು ಸೇವಕರು

ಈ ಕೆಲಸಕ್ಕೆ ಒಬ್ಬರು ಸಾಲದು. ಒಬ್ಬರು ಲ್ಯಾಪ್‌ಟಾಪ್ ನಡೆಸಲಿ. ಇನ್ನೊಬ್ಬರು ತಮ್ಮ ಮೊಬೈಲಿನಲ್ಲಿ, ಮೈಕ್ ಮತ್ತು ಸ್ಪೀಕರ್ ಎರಡನ್ನೂ ಮುಚ್ಚಿ, ಮನೆಯವರಂತೆಯೇ ಸಭೆಗೆ ಸೇರಿ ಕುಳಿತುಕೊಳ್ಳಲಿ. ಮನೆಯವರಿಗೆ ಏನು ಕಾಣುತ್ತಿದೆ ಎಂಬುದು ಅವರಿಗೆ ತಿಳಿಯುತ್ತದೆ. ಮನೆಯಿಂದ ಬರುವ ಬರಹದ ಸಂದೇಶಗಳನ್ನು ನೋಡುತ್ತಾ, ಏನಾದರೂ ತಪ್ಪಿದರೆ ಕೈಸನ್ನೆಯಿಂದ ತಿಳಿಸಲಿ. ಯುವಜನರಿಗೆ ಇದೊಂದು ಒಳ್ಳೆಯ ಸೇವೆ. ಇಬ್ಬರೂ ಅರ್ಧ ಗಂಟೆ ಮುಂಚೆ ಬಂದು ಒಂದು ಗೀತೆಯನ್ನು ಪ್ರಯೋಗಿಸಿ ನೋಡಲಿ. ಲ್ಯಾಪ್‌ಟಾಪಿಗೆ ವಿದ್ಯುತ್ ಜೋಡಿಸಿ, ಪರದೆ ತಾನಾಗಿ ಆರದಂತೆ ಮಾಡಿಕೊಳ್ಳಲಿ.

ಇನ್ನೆರಡು ಚಿಕ್ಕ ವಿಷಯಗಳು. ಜೂಮಿನ ಉಚಿತ ಖಾತೆಯಲ್ಲಿ ಸಭೆಗೆ 40 ನಿಮಿಷಗಳ ಮಿತಿಯಿದೆ. ಕೊನೆಯ ಆಶೀರ್ವಾದದ ವೇಳೆಗೆ ಕಡಿದುಹೋಗದಂತೆ ಕಾರ್ಯಕ್ರಮ ಹೊಂದಿಸಿ. ಮತ್ತೊಂದು, ನಮ್ಮಲ್ಲಿ ಸಂಜೆ 7 ಗಂಟೆಯಾದಾಗ ದುಬೈಯಲ್ಲಿ 5.30, ಕುವೈತ್‌ನಲ್ಲಿ 4.30. ಕೆಲಸದಲ್ಲಿರುವ ಮಗ ತಂದೆಯ ವಾರ್ಷಿಕ ಸ್ಮರಣೆಗೆ ಸೇರಬೇಕಾದರೆ ಅರ್ಧ ಗಂಟೆ ಹಿಂದುಮುಂದು ಮಾಡುವುದು ದೊಡ್ಡ ತ್ಯಾಗವೇನಲ್ಲ.

ಪರದೆಯ ಮಿತಿ

ಇಷ್ಟೆಲ್ಲ ಹೇಳಿದ ಮೇಲೆ ಧರ್ಮಸಭೆಯ ಬೋಧನೆಯನ್ನೂ ನೆನಪಿಸಿಕೊಳ್ಳುವುದು ಅಗತ್ಯ. ದೂರದರ್ಶನದಲ್ಲಿ ಬಲಿಪೂಜೆಯನ್ನು ನೋಡುವುದು ಅದರಲ್ಲಿ ಖುದ್ದಾಗಿ ಭಾಗವಹಿಸುವುದಕ್ಕೆ ಸಮವಲ್ಲ ಎಂದು ವಿಶ್ವಗುರು 12ನೇ ಪಿಯೂಸ್‌ರವರು 1957ರಲ್ಲಿಯೇ 'ಮಿರಾಂದಾ ಪ್ರೊರ್ಸುಸ್' ಎಂಬ ವಿಶ್ವಪತ್ರದಲ್ಲಿ ತಿಳಿಸಿದ್ದರು. ಇಂಟರ್‌ನೆಟ್ಟಿನಲ್ಲಿ ಸಂಸ್ಕಾರಗಳಿಲ್ಲ, ಪರಮಪ್ರಸಾದದಲ್ಲಿನ ಕ್ರಿಸ್ತರ ನೈಜ ಪ್ರಸನ್ನತೆಗೆ ಅದು ಬದಲಿಯಾಗಲಾರದು ಎಂದು ವ್ಯಾಟಿಕನ್ನಿನ ಸಂಪರ್ಕ ಮಾಧ್ಯಮಗಳ ಪರಿಷತ್ತು 2002ರಲ್ಲಿ ಸ್ಪಷ್ಟಪಡಿಸಿತು. ಆದುದರಿಂದ ಮೇಲಿನ ಏರ್ಪಾಡುಗಳು ಪ್ರಾರ್ಥನಾಕೂಟ, ಅಧ್ಯಯನ, ಸಭೆಗಳಿಗೆ ಸಂಬಂಧಿಸಿದವು. ನಡೆದಾಡಲು ಶಕ್ತಿಯಿರುವ ನಾವು ಭಾನುವಾರದ ಪೂಜೆಯನ್ನು ಸೋಫಾದ ಮೇಲೆ ಕುಳಿತು ಮುಗಿಸಲು ಇವು ನೆಪವಾಗಬಾರದು.

ಆದರೆ ನಿಜವಾಗಿ ಬರಲಾಗದವರಿಗೆ ನಿರಾಶೆ ಬೇಡ. ಅಸ್ಸಿಸಿಯ ಸಂತ ಕ್ಲಾರಾ 1252ರ ಕ್ರಿಸ್ತ ಜಯಂತಿಯ ರಾತ್ರಿ ಕಾಯಿಲೆಯಿಂದ ಏಳಲಾರದೆ ಮಠದಲ್ಲಿ ಒಬ್ಬರೇ ಮಲಗಿದ್ದರು. ದೂರದ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ನಡೆಯುತ್ತಿದ್ದ ಆರಾಧನೆಯನ್ನು ದೇವರು ಅವರಿಗೆ ಅಲ್ಲಿಯೇ ಕೇಳುವಂತೆ, ಗೋದಲಿಯನ್ನು ಕಾಣುವಂತೆ ಮಾಡಿದರೆಂದು ಅವರ ಜೀವನಚರಿತ್ರೆ ತಿಳಿಸುತ್ತದೆ. ಈ ಕಾರಣದಿಂದಲೇ ಅದೇ 12ನೇ ಪಿಯೂಸ್‌ರವರು ಅವರನ್ನು ದೂರದರ್ಶನದ ಪಾಲಕ ಸಂತರೆಂದು ಘೋಷಿಸಿದರು. ಹಾಸಿಗೆಯಲ್ಲಿರುವವರ ಹಂಬಲವನ್ನು ದೇವರು ಬಲ್ಲರು.

ಆ ಹಂಬಲಕ್ಕೆ ನಾವೂ ಉತ್ತರ ಕೊಡಬೇಕು. ಪೌಲರು ಮೇಲಿನಿಂದ ಕೂಗಿ ವಿಚಾರಿಸಲಿಲ್ಲ, ಕೆಳಗಿಳಿದು ಹೋದರು. ಜೂಮಿನಲ್ಲಿ ಪ್ರತಿ ವಾರ ಕಾಣುವ ಅಜ್ಜಿಯ ಮನೆಗೆ ತಿಂಗಳಿಗೊಮ್ಮೆಯಾದರೂ ಹೋಗಿ ಬನ್ನಿ. ಅವರಿಗೆ ಪರಮಪ್ರಸಾದ ಕೊಂಡೊಯ್ಯುವಂತೆ ಗುರುಗಳಿಗೆ ತಿಳಿಸಿ. ಒಂದು ವಾರ ಅವರು ಪರದೆಯಲ್ಲಿ ಕಾಣದಿದ್ದರೆ ಅದೇ ರಾತ್ರಿ ಫೋನ್ ಮಾಡಿ ವಿಚಾರಿಸಿ.

ಚಿಂತನೆಗೆ ಮತ್ತು ಚರ್ಚೆಗೆ

1. ನಮ್ಮ ಕಿರು ಸಮುದಾಯದಲ್ಲಿ ಕೂಟಕ್ಕೆ ಬರಲಾಗದವರು ಯಾರು ಯಾರು? ಅವರಲ್ಲಿ ಯಾರಿಗೆ ಮೊಬೈಲ್ ಬಳಸಲು ಸಹಾಯ ಬೇಕು?

2. ಕಳೆದ ಕೂಟದಲ್ಲಿ ಮನೆಯವರಿಗೆ ಏನು ಕಂಡಿತು, ಏನು ಕೇಳಿಸಿತು ಎಂದು ಅವರನ್ನೇ ಕೇಳಿದ್ದೇವೆಯೇ?

3. ಪರದೆ ನಡೆಸುವ ಸೇವೆಗೆ ನಮ್ಮ ಮನೆಯ ಮಕ್ಕಳಲ್ಲಿ ಯಾರನ್ನು ಕಳುಹಿಸಬಹುದು?

ಈ ವಾರ ಮನೆಯ ಜಪಸರದಲ್ಲಿ ಒಂದು ರಹಸ್ಯವನ್ನು ಬರಲಾಗದವರಿಗಾಗಿ ಅರ್ಪಿಸೋಣ.