ಸವೆದ ಜಾಗ ನೋಡಿ

ಹಳೆಯ ತಲವಾರಿನ ಹಿಡಿಯಲ್ಲಿ ಚಿನ್ನದ ಬಳ್ಳಿ ಕಂಡರೆ ಹೊಳೆಯುವ ಕಡೆ ಬಿಡಿ, ಸವೆದ ಜಾಗಕ್ಕೆ ಭೂತಗನ್ನಡಿ ಹಿಡಿಯಿರಿ. ಚಿನ್ನ ಹೋದೆಡೆ ಉಕ್ಕಿನ ಮೇಲೆ ಒಂದನ್ನೊಂದು ಹಾಯುವ ಸಣ್ಣ ಗೀರುಗಳು ಒತ್ತೊತ್ತಾಗಿದ್ದರೆ ಅದು ಕೋಫ್ತ್‌ಗರಿ. ಮೈಯನ್ನು ಹಾಗೆ ತರಿತರಿ ಮಾಡಿ, ಕೂದಲೆಳೆಯಂಥ ತಂತಿಯನ್ನು ಮೇಲಿಟ್ಟು ಬಡಿದು ಕೂರಿಸುತ್ತಿದ್ದರು. 19ನೇ ಶತಮಾನದಲ್ಲಿ ಪಂಜಾಬಿನ ಸಿಯಾಲ್‌ಕೋಟ್ ಇದಕ್ಕೆ ಹೆಸರುವಾಸಿ. ಗೀರಿನ ಬದಲು ಕೊರೆದ ತೋಡು ಕಂಡರೆ ತಹ್‌ನಿಶಾನ್. ತೋಡಿನೊಳಗೆ ತಂತಿ ತುಂಬುವ ಈ ಕೆಲಸಕ್ಕೆ ಚಿನ್ನವೂ ಹೆಚ್ಚು, ದುಡಿಮೆಯೂ ಹೆಚ್ಚು. ನನ್ನ ಮಟ್ಟಿಗೆ ಇದೇ ಒಂದು ಕೈ ಮೇಲು. ಎರಡೂ ಇಲ್ಲದೆ ಬರೀ ತೆಳುಪದರ ಸವೆದಿದ್ದರೆ ಪಾದರಸದಲ್ಲಿ ಕಲಸಿದ ಚಿನ್ನ ಬಳಿದು ಕಾಯಿಸಿದ್ದಿರಬೇಕು, ಇಲ್ಲವೇ ಈಚಿನ ವಿದ್ಯುತ್ ಲೇಪನ.

ಕಪ್ಪು ಮೈಮೇಲೆ ಬೆಳ್ಳಿ ಇದೆಯೆ? ಆಯಸ್ಕಾಂತ ತಾಗಿಸಿ. ಬಿದರಿಯದು ಸತುವೇ ಹೆಚ್ಚಿರುವ ಮಿಶ್ರಲೋಹ, ಅಂಟುವುದಿಲ್ಲ. ಹಾಗೆಂದು ನಮ್ಮ ಬೀದರಿನದೇ ಎಂದು ಹಿಗ್ಗಬೇಡಿ. ಲಖನೌ, ಪೂರ್ಣಿಯಾಗಳಲ್ಲೂ ಬಿದರಿ ಕೆಲಸ ನಡೆಯುತ್ತಿತ್ತು.

ಅಂದಹಾಗೆ, ಹುಣಸೆಹುಳಿ, ಪಾಲಿಷ್‌ಗಳನ್ನು ಹತ್ತಿರಕ್ಕೂ ತರಬೇಡಿ. ಉಜ್ಜಿದರೆ ಕೋಫ್ತ್‌ಗರಿಯ ಚಿನ್ನ ಎದ್ದುಬರುತ್ತದೆ, ಬಿದರಿಯ ಕಪ್ಪು ಅಳಿಸಿಹೋಗುತ್ತದೆ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.