ಕೌದಿಯ ಒಳಗೆ ಏನಿರಬೇಕು?

ಮಕ್ಕಳೇ, ಚಳಿಗಾಲದ ರಾತ್ರಿ ಕೌದಿ ಹೊದ್ದು ಮಲಗಿದರೆ ಸ್ವಲ್ಪ ಹೊತ್ತಿನಲ್ಲೇ ಮೈ ಬೆಚ್ಚಗಾಗುತ್ತದೆ. ಹಾಗಾದರೆ ಕೌದಿಯೇ ಬಿಸಿ ಕೊಡುತ್ತದೆಯೆ? ಮಡಿಸಿಟ್ಟ ಕೌದಿಯೊಳಗೆ ಉಷ್ಣತಾಮಾಪಕ ಇಟ್ಟು ನೋಡಿ. ಅದು ಕೋಣೆಯ ತಾಪವನ್ನೇ ತೋರಿಸುತ್ತದೆ. ಬಿಸಿ ಬರುವುದು ನಿಮ್ಮ ದೇಹದಿಂದ. ಅದು ಹೊರಗೆ ಹೋಗದಂತೆ ತಡೆಯುವುದಷ್ಟೇ ಕೌದಿಯ ಕೆಲಸ.

ತಡೆಯುವುದರಲ್ಲಿ ದೊಡ್ಡ ಪಾಲು ಗಾಳಿಯದು! ನಿಶ್ಚಲ ಗಾಳಿ ಉಷ್ಣದ ಉತ್ತಮ ಅವಾಹಕ. ಆದರೆ ಗಾಳಿ ಚಲಿಸಿದರೆ ಉಷ್ಣವನ್ನೂ ಹೊತ್ತೊಯ್ಯುತ್ತದೆ. ಆದ್ದರಿಂದ ಹೊದಿಕೆಯ ಒಳಗೆ ತುಂಬುವ ವಸ್ತು ಗಾಳಿಯನ್ನು ಅಲುಗಾಡದಂತೆ ಹಿಡಿದಿಡಬೇಕು.

ಯಾವುದನ್ನು ತುಂಬಬಹುದು?

ಹಳೆಯ ಬಟ್ಟೆ: ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕವಂದಿಯೂ ಇಂಥದ್ದೇ. ಪದರಗಳ ನಡುವೆ ಗಾಳಿ ನಿಲ್ಲುತ್ತದೆ. ಒತ್ತಾದ ಹೊಲಿಗೆ ಪದರಗಳನ್ನು ಜಾರದಂತೆ ಹಿಡಿಯುತ್ತದೆ. ಖರ್ಚು ಕಡಿಮೆ, ತೂಕ ಹೆಚ್ಚು.

ಹತ್ತಿ: ಹಿಂಜಿದ ಹತ್ತಿಯಲ್ಲಿ ಗಾಳಿ ಹೆಚ್ಚು. ವರ್ಷಗಟ್ಟಲೆ ಬಳಸಿದಾಗ ಅದು ಅಮುಕಿ ಗಟ್ಟಿಯಾಗುತ್ತದೆ, ಗಾಳಿ ಕಡಿಮೆಯಾಗುತ್ತದೆ. ಪಿಂಜಾರರು ಹಳೆಯ ಹತ್ತಿಯನ್ನು ಮತ್ತೆ ಹಿಂಜಿದಾಗ ಎಳೆಗಳು ಬಿಡಿಬಿಡಿಯಾಗಿ ಗಾಳಿ ಮರಳಿ ಸೇರುತ್ತದೆ. ಹತ್ತಿ ಬೆವರನ್ನು ಹೀರುತ್ತದೆ, ಆದರೆ ಒದ್ದೆಯಾದರೆ ಬೇಗ ಒಣಗದು.

ಪಾಲಿಯೆಸ್ಟರ್ ಎಳೆ: ಹಗುರ. ನೀರನ್ನು ಬಹಳ ಕಡಿಮೆ ಹೀರುವುದರಿಂದ ಬೇಗ ಒಣಗುತ್ತದೆ. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಗೂ ಬೆಂಕಿ ಬೇಗ ಹತ್ತುತ್ತದೆ. ಯಾವ ಹೊದಿಕೆಯನ್ನೂ ಒಲೆ, ದೀಪಗಳ ಹತ್ತಿರ ಇಡಬೇಡಿ.

ಉಣ್ಣೆ: ಸುರುಳಿ ಸುರುಳಿಯಾದ ಎಳೆಗಳಲ್ಲಿ ಗಾಳಿ ಚೆನ್ನಾಗಿ ಸಿಕ್ಕಿಕೊಳ್ಳುತ್ತದೆ. ಸುಲಭವಾಗಿ ಬೆಂಕಿ ಹತ್ತದು. ನುಸಿ ತಿನ್ನದಂತೆ ಕಾಪಾಡಬೇಕು.

ಒದ್ದೆ ಹೊದಿಕೆ ಏಕೆ ಬೆಚ್ಚಗಿರುವುದಿಲ್ಲ? ಗಾಳಿ ಇರಬೇಕಾದ ಜಾಗವನ್ನು ನೀರು ಆಕ್ರಮಿಸುತ್ತದೆ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ. ಅದಕ್ಕೇ ಕೌದಿಯನ್ನು ಆಗಾಗ ಬಿಸಿಲಿಗೆ ಹಾಕಬೇಕು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದೇ ಅಳತೆಯ 3 ಸ್ಟೀಲ್ ಲೋಟ, ಮುಚ್ಚಳಗಳು, ಹತ್ತಿ, ದಾರ, ಉಷ್ಣತಾಮಾಪಕ, ಬಿಸಿನೀರು.

1. ಮೊದಲ ಲೋಟವನ್ನು ಹಾಗೆಯೇ ಬಿಡಿ.
2. ಎರಡನೆಯದಕ್ಕೆ ಬಿಡಿಸಿದ ಹತ್ತಿಯನ್ನು ದಪ್ಪವಾಗಿ, ಸಡಿಲವಾಗಿ ಸುತ್ತಿ.
3. ಮೂರನೆಯದಕ್ಕೆ ಅಷ್ಟೇ ತೂಕದ ಹತ್ತಿಯನ್ನು ಒತ್ತಿ, ದಾರದಿಂದ ಬಿಗಿಯಾಗಿ ಕಟ್ಟಿ.
4. ಶಿಕ್ಷಕರ ನೆರವಿನಿಂದ ಮೂರಕ್ಕೂ ಸಮನಾಗಿ ಬಿಸಿನೀರು ಹಾಕಿ ಮುಚ್ಚಿ.
5. ಪ್ರತಿ 5 ನಿಮಿಷಕ್ಕೊಮ್ಮೆ ತಾಪವನ್ನು ಬರೆದುಕೊಳ್ಳಿ.

ಅರ್ಧ ಗಂಟೆಯ ಬಳಿಕ ಯಾವ ಲೋಟದ ನೀರು ಹೆಚ್ಚು ಬಿಸಿಯಾಗಿದೆ? ಎರಡು ಲೋಟಗಳಿಗೂ ಹತ್ತಿ ಅಷ್ಟೇ ಇದ್ದರೂ ವ್ಯತ್ಯಾಸ ಏಕೆ?

ಯೋಚಿಸಿ

ಸದಾ ತೇವವಿರುವ ಮಲೆನಾಡಿನ ಮನೆ, ಹೊದಿಕೆಯನ್ನು ಮೇಲಿಂದ ಮೇಲೆ ಒಗೆಯಬೇಕಾದ ವಿದ್ಯಾರ್ಥಿನಿಲಯ, ಭಾರ ತಾಳಲಾರದ ವಯಸ್ಸಾದ ಅಜ್ಜಿ. ಇವರಿಗೆ ನೀವು ಯಾವುದನ್ನು ತುಂಬಿಕೊಡುತ್ತೀರಿ? ಎಲ್ಲರಿಗೂ ಒಂದೇ ಸರಿಹೋಗದು. ಕಾರಣ ಸಹಿತ ಬರೆದು ತರಗತಿಯಲ್ಲಿ ಚರ್ಚಿಸಿ.