ದಿಂಬಿನ ಎತ್ತರವೂ ಕುತ್ತಿಗೆಯ ನೋವೂ

ರಾತ್ರಿ ಸುಖವಾಗಿ ಮಲಗಿದವರು ಬೆಳಗ್ಗೆ ಏಳುವಾಗ ಕತ್ತನ್ನು ಒಂದು ಪಕ್ಕಕ್ಕೆ ಹೊರಳಿಸಲಾರದೆ, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡಬೇಕಾಗಿ ಬರುವುದು ಅಪರೂಪದ ಸಂಗತಿಯೇನೂ ಅಲ್ಲ. ‘ಕತ್ತು ಉಳುಕಿದೆ’ ಎನ್ನುತ್ತಾರೆ ಮನೆಯವರು. ‘ದಿಂಬನ್ನು ಬಿಸಿಲಿಗೆ ಹಾಕು’ ಎನ್ನುತ್ತಾರೆ ಹಿರಿಯರು. ಕೆಲವರಿಗೆ ಇದರೊಡನೆ ತಲೆಯ ಹಿಂಭಾಗದಿಂದ ಹೊರಟು ಹಣೆಯವರೆಗೆ ಹಬ್ಬುವ ನೋವೂ ಸೇರಿಕೊಳ್ಳುತ್ತದೆ. ಪರೀಕ್ಷೆಯ ದಿನಗಳಲ್ಲಿ ಇಂತಹ ಒಂದು ಬೆಳಗು ಎಷ್ಟು ದುಬಾರಿಯೆಂಬುದನ್ನು ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾಗಿಲ್ಲ. ದಿಂಬು ಮೆತ್ತಗಿರಬೇಕೋ ಗಟ್ಟಿಯಾಗಿರಬೇಕೋ ಎಂಬ ಚರ್ಚೆ ಎಲ್ಲ ಮನೆಗಳಲ್ಲಿಯೂ ನಡೆಯುವಂಥದೇ. ಆದರೆ ಭೌತಶಾಸ್ತ್ರದ ದೃಷ್ಟಿಯಿಂದ ಅದು ಎರಡನೆಯ ಪ್ರಶ್ನೆ. ಮೊದಲನೆಯದು ದಿಂಬಿನ ಎತ್ತರ. ಏಕೆಂಬುದನ್ನು ಈಗ ವಿಚಾರ ಮಾಡೋಣ.

ಪ್ರಾಯದ ಮನುಷ್ಯನ ತಲೆಯ ತೂಕ ಸುಮಾರು ೪.೫ ರಿಂದ ೫ ಕಿಲೋಗ್ರಾಂ. ಇದನ್ನು ಹೊತ್ತಿರುವುದು ಒಂದರ ಮೇಲೊಂದು ಕುಳಿತ ೭ ಎಲುಬಿನ ಮಣಿಗಳ ಕಂಬ. (ಜಿರಾಫೆಯ ಅಷ್ಟುದ್ದದ ಕುತ್ತಿಗೆಯಲ್ಲಿ ಇರುವುದೂ ಏಳೇ ಮಣಿಗಳು!) ಕಂಬವೆಂದರೂ ಇದು ನೆಟ್ಟಗಿಲ್ಲ, ಮುಂದಕ್ಕೆ ಉಬ್ಬಿದ ಬಿಲ್ಲಿನಂತೆ ತುಸು ಬಾಗಿದೆ. ತಲೆಯ ಗುರುತ್ವಕೇಂದ್ರವು ಅದು ಕುಳಿತಿರುವ ಕೀಲಿಗಿಂತ ಸ್ವಲ್ಪ ಮುಂದಿರುವುದರಿಂದ ತಲೆಯು ಸದಾ ಮುಂದಕ್ಕೆ ಬೀಳಲು ಹವಣಿಸುತ್ತಿರುತ್ತದೆ; ಕತ್ತಿನ ಹಿಂಬದಿಯ ಸ್ನಾಯುಗಳು ಅದನ್ನು ಹಿಂದಕ್ಕೆ ಎಳೆದು ಹಿಡಿದಿರುತ್ತವೆ. ಒಂದು ಕಡೆ ಭಾರ, ಇನ್ನೊಂದು ಕಡೆ ಬಲ, ನಡುವೆ ಆನಿಕೆ: ಪಠ್ಯಪುಸ್ತಕದ ಮೊದಲನೆಯ ವರ್ಗದ ಸನ್ನೆಗೋಲು ಇದೇ. ಬಸ್ಸಿನಲ್ಲಿ ಕುಳಿತು ತೂಕಡಿಸುವವರ ಗದ್ದ ಎದೆಗೆ ತಗಲುವುದು ಆ ಸ್ನಾಯುಗಳು ತಮ್ಮ ಹಿಡಿತವನ್ನು ಬಿಟ್ಟಾಗ.

ಹಾಸಿಗೆಯ ಮೇಲೆ ಮೈಚಾಚಿದೊಡನೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ತಲೆಯ ಭಾರವನ್ನು ದಿಂಬು ಹೊರುತ್ತದೆ, ಎದೆಗೂಡಿನ ಭಾರವನ್ನು ಹಾಸಿಗೆ ಹೊರುತ್ತದೆ. ಕುತ್ತಿಗೆ ಈಗ ಕಂಬವಲ್ಲ, ಎರಡು ಗೋಡೆಗಳ ಮೇಲೆ ಇಟ್ಟ ತೊಲೆ. ಎರಡು ಗೋಡೆಗಳೂ ತಕ್ಕ ಮಟ್ಟದಲ್ಲಿದ್ದರೆ ತೊಲೆ ತನ್ನ ಸಹಜವಾದ ಆಕಾರದಲ್ಲಿ ಉಳಿಯುತ್ತದೆ. ಒಂದು ಗೋಡೆ ತಗ್ಗಿದರೆ ಅಥವಾ ಎತ್ತರವಾದರೆ ಬಾಗಲೇಬೇಕು. ಎಚ್ಚರವಿರುವಾಗ ಕತ್ತು ಹೀಗೆ ಬಾಗಿದ್ದರೆ ಕೆಲವು ನಿಮಿಷಗಳಲ್ಲಿ ಬೇಸರಗೊಂಡು ಸರಿಪಡಿಸಿಕೊಳ್ಳುತ್ತೇವೆ. ನಿದ್ರೆಯಲ್ಲಿಯಾದರೋ ಸ್ನಾಯುಗಳು ಸಡಿಲವಾಗಿರುತ್ತವೆ; ಬಾಗಿದ ಕತ್ತನ್ನು ತಡೆದು ಹಿಡಿಯುವ ಕೆಲಸ ಎಲುಬುಗಳನ್ನು ಒಂದಕ್ಕೊಂದು ಬಿಗಿದಿರುವ ಅಸ್ಥಿರಜ್ಜುಗಳೆಂಬ ನಾರಿನ ಪಟ್ಟಿಗಳ ಪಾಲಿಗೆ ಬರುತ್ತದೆ.

ಈ ಪಟ್ಟಿಗಳ ಗುಣವೊಂದನ್ನು ಇಲ್ಲಿ ಗಮನಿಸಬೇಕು. ತರಕಾರಿ ತುಂಬಿದ ತೆಳು ಪ್ಲಾಸ್ಟಿಕ್ ಚೀಲವನ್ನು ಗೂಟಕ್ಕೆ ತೂಗುಹಾಕಿ ನೋಡಿ. ಅದರ ಹಿಡಿ ಕೂಡಲೆ ಸ್ವಲ್ಪ ಹಿಗ್ಗುತ್ತದೆ. ಆಮೇಲೆ ಭಾರ ಹೆಚ್ಚದಿದ್ದರೂ ಗಂಟೆಗಟ್ಟಲೆ ಮೆಲ್ಲಮೆಲ್ಲನೆ ಹಿಗ್ಗುತ್ತಲೇ ಹೋಗುತ್ತದೆ. ಭಾರವನ್ನು ತೆಗೆದ ಮೇಲೆಯೂ ಒಮ್ಮೆಗೇ ಮೊದಲಿನಂತಾಗುವುದಿಲ್ಲ. ಹುಕ್ಕನ ನಿಯಮದಲ್ಲಿ ಕಾಲದ ಮಾತೇ ಬರುವುದಿಲ್ಲ. ಜೀವಂತ ಅಂಗಾಂಶಗಳ ವಿಷಯದಲ್ಲಿ ಕಾಲವನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ. ಹತ್ತು ನಿಮಿಷ ಸಹಿಸಬಹುದಾದ ಬಾಗು ಏಳು ಗಂಟೆಗಳಲ್ಲಿ ನೋವಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ನೋವು ಕತ್ತಿನಲ್ಲಿ ಹುಟ್ಟಿ ಹಣೆಯಲ್ಲಿ ತೋರುವುದು ಹೇಗೆ? ಕುತ್ತಿಗೆಯ ಮೇಲುಭಾಗದ ಮೂರು ಜೊತೆ ನರಗಳು ತರುವ ಸುದ್ದಿಯೂ, ಹಣೆ ಮತ್ತು ಕಣ್ಣಿನ ಸುತ್ತಿನಿಂದ ಬರುವ ಸುದ್ದಿಯೂ ಮಿದುಳುಬಳ್ಳಿಯ ಮೇಲ್ತುದಿಯಲ್ಲಿರುವ ಒಂದೇ ನರಕೋಶಗಳ ಗುಂಪನ್ನು ಸೇರುತ್ತವೆ. ಎರಡು ಊರುಗಳ ಕಾಗದಗಳು ಒಂದೇ ಅಂಚೆಚೀಲದಲ್ಲಿ ಬೆರೆತಂತೆ, ಯಾವುದು ಎಲ್ಲಿಂದ ಬಂತೆಂಬುದು ಮಿದುಳಿಗೆ ಸ್ಪಷ್ಟವಾಗುವುದಿಲ್ಲ.

ಇನ್ನು ಎತ್ತರದ ಲೆಕ್ಕಕ್ಕೆ ಬರೋಣ. ಒಬ್ಬ ಯುವಕನ ಹೆಗಲುಗಳ ಅಗಲ ೪೪ ಸೆಂಟಿಮೀಟರು, ತಲೆಯ ಅಗಲ ೧೫ ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಅವನು ಮಗ್ಗುಲಾಗಿ ಮಲಗಿದರೆ ತಲೆಗೂ ಹಾಸಿಗೆಗೂ ನಡುವಣ ಅಂತರ ಇವೆರಡರ ವ್ಯತ್ಯಾಸದ ಅರ್ಧ, ಎಂದರೆ ೧೪.೫ ಸೆಂಟಿಮೀಟರು. ಹೆಗಲು ಹಾಸಿಗೆಯೊಳಗೆ ೪ ಸೆಂಟಿಮೀಟರು ಇಳಿದರೆ ಉಳಿಯುವುದು ೧೦.೫. ತಲೆಯ ಭಾರಕ್ಕೆ ಕುಗ್ಗಿದ ಮೇಲೆ ದಿಂಬಿಗೆ ಇರಬೇಕಾದ ಎತ್ತರ ಇದು. ಅವನ ಹಳೆಯ ದಿಂಬು ೫.೫ ಸೆಂಟಿಮೀಟರಿಗೆ ಇಳಿದುಹೋಗಿದ್ದರೆ ತಲೆ ೫ ಸೆಂಟಿಮೀಟರು ತಗ್ಗುತ್ತದೆ. ಕತ್ತಿನ ಬುಡದಿಂದ ತಲೆ ಊರಿರುವ ಜಾಗಕ್ಕೆ ೨೦ ಸೆಂಟಿಮೀಟರು ಎಂದರೆ ಇಳಿಜಾರು ನಾಲ್ಕಕ್ಕೆ ಒಂದು. ಕೋನದಲ್ಲಿ ಸುಮಾರು ೧೪ ಡಿಗ್ರಿ. ತಲೆಯನ್ನು ಅಷ್ಟು ಓರೆಮಾಡಿಕೊಂಡು ಒಂದು ಪೀರಿಯಡ್ಡು ಪಾಠ ಕೇಳಲು ಯಾರೂ ಒಪ್ಪಲಾರರು.

ಇದೇ ಲೆಕ್ಕದಿಂದ ಇನ್ನೊಂದು ಮಾತು ಹೊರಡುತ್ತದೆ. ಚಾಪೆಯ ಮೇಲೆ ಮಲಗುವವನ ಹೆಗಲು ಕೆಳಕ್ಕೆ ಇಳಿಯುವುದೇ ಇಲ್ಲವೆನ್ನಬಹುದು. ಅವನಿಗೆ ಎತ್ತರದ ದಿಂಬು ಬೇಕು. ಮೆತ್ತನೆಯ ಫೋಮಿನ ಹಾಸಿಗೆಯವನಿಗೆ ತಗ್ಗಿನದು ಸಾಕು. ಮನೆಯಲ್ಲಿ ಒಗ್ಗಿದ ದಿಂಬು ಹಾಸ್ಟೆಲಿನ ಮಂಚದ ಮೇಲೆ ನೋವು ಕೊಟ್ಟರೆ ಆಶ್ಚರ್ಯಪಡಬೇಕಾಗಿಲ್ಲ. ಹಾಸಿಗೆ ಯಾವುದೆಂದು ಕೇಳದೆ ದಿಂಬನ್ನು ಶಿಫಾರಸು ಮಾಡುವ ಜಾಹೀರಾತುಗಳಿಗೆ ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಅಂಗಾತ ಮಲಗುವವರ ಸ್ಥಿತಿ ಬೇರೆ. ಇಲ್ಲಿ ಹೆಗಲಿನ ಅಗಲ ಲೆಕ್ಕಕ್ಕೆ ಬರುವುದಿಲ್ಲ. ತಲೆಯ ಹಿಂಭಾಗಕ್ಕೂ ಬೆನ್ನಿಗೂ ಇರುವ ವ್ಯತ್ಯಾಸ ಕೆಲವೇ ಸೆಂಟಿಮೀಟರು. ಇವರು ಎರಡು ದಿಂಬುಗಳನ್ನು ಪೇರಿಸಿಕೊಂಡರೆ ಗದ್ದ ಎದೆಯ ಕಡೆಗೆ ಒತ್ತುತ್ತದೆ. ಹಗಲೆಲ್ಲ ಪುಸ್ತಕದ ಮೇಲೋ ಫೋನಿನ ಮೇಲೋ ಬಗ್ಗಿದ ಕತ್ತು ರಾತ್ರಿಯೂ ಅದೇ ದಿಕ್ಕಿಗೆ ಬಗ್ಗಿದಂತಾಯಿತು. ತೆಳ್ಳನೆಯ ದಿಂಬು, ಕತ್ತಿನ ಕೆಳಗಿನ ಟೊಳ್ಳಿಗೆ ಆಸರೆಯಾಗಿ ಸುರುಳಿ ಸುತ್ತಿದ ಒಂದು ಸಣ್ಣ ಟವೆಲು, ಇಷ್ಟು ಸಾಕು. ಟವೆಲನ್ನು ದಿಂಬಿನ ಗವಸಿನೊಳಗೇ ಕೆಳ ಅಂಚಿಗೆ ಇಟ್ಟರೆ ರಾತ್ರಿ ಜಾರುವುದಿಲ್ಲ. ಅಂಗಾತವಾಗಲಿ ಮಗ್ಗುಲಾಗಲಿ, ಹೆಗಲು ಮಾತ್ರ ದಿಂಬಿನ ಮೇಲೇರಬಾರದು.

ಬೋರಲಾಗಿ ಮಲಗುವುದನ್ನು ನಾವು ಹೊಗಳಲಾರೆವು. ಉಸಿರಾಡಬೇಕಾದರೆ ಮುಖವನ್ನು ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಬೇಕು. ಕತ್ತಿನ ತಿರುಗುವಿಕೆಯಲ್ಲಿ ಹೆಚ್ಚು ಕಡಮೆ ಅರ್ಧಭಾಗ ಮೇಲಿನ ಎರಡೇ ಮಣಿಗಳ ನಡುವಣ ಕೀಲಿನದು. ಆ ಕೀಲು ತನ್ನ ಮಿತಿಯ ಅಂಚಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಅಭ್ಯಾಸ ಬಿಡಲಾರದವರು ಒಂದು ದಿಂಬನ್ನು ಅಪ್ಪಿಕೊಂಡು ಮಗ್ಗುಲಾಗಲು ಯತ್ನಿಸಬಹುದು.

ನಮ್ಮ ಅಳತೆಯನ್ನು ತಿಳಿಯುವುದು ಸುಲಭ. ಗೋಡೆಗೆ ಹೆಗಲ ಹೊರಬದಿ ತಗಲುವಂತೆ ನೆಟ್ಟಗೆ ನಿಂತು, ಕಿವಿಯ ಮೇಲ್ಭಾಗದಲ್ಲಿ ಗೋಡೆಗೂ ತಲೆಗೂ ಇರುವ ಅಂತರವನ್ನು ಗೆಳೆಯನೊಬ್ಬನಿಂದ ಸ್ಕೇಲಿನಲ್ಲಿ ಅಳೆಯಿಸಬೇಕು. ಹೆಗಲು ಹಾಸಿಗೆಯಲ್ಲಿ ಇಳಿಯುವಷ್ಟನ್ನು ಅದರಿಂದ ಕಳೆದರೆ ಮಗ್ಗುಲಿನ ಎತ್ತರ ಸಿಕ್ಕುತ್ತದೆ. ಬೆನ್ನು ತಗಲುವಂತೆ ನಿಂತು, ದೃಷ್ಟಿ ನೇರವಾಗಿಟ್ಟು, ತಲೆಯ ಹಿಂಭಾಗದ ಅಂತರವನ್ನು ಅಳೆದರೆ ಅಂಗಾತದ ಎತ್ತರ. ದಿಂಬನ್ನು ಅಳೆಯುವುದು ಹೀಗೆ: ಅದರ ನಡುವೆ ೫ ಕಿಲೋಗ್ರಾಂ ಅಕ್ಕಿಯ ಗಂಟನ್ನಿಟ್ಟು, ಗಂಟಿನ ಅಡಿಯಲ್ಲಿ ಉಳಿದ ದಪ್ಪವನ್ನು ನೋಡಬೇಕು. ಆ ಗಂಟು ಸುಮಾರು ೪೯ ನ್ಯೂಟನ್ ಬಲದಿಂದ ಒತ್ತುತ್ತದೆ. ತಲೆಯೂ ಹೆಚ್ಚು ಕಡಮೆ ಅಷ್ಟೇ. ಗಂಟನ್ನು ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ಮತ್ತೆ ಅಳೆದರೆ ದಿಂಬಿನ ನಿಜವಾದ ಗುಣ ಬಯಲಾಗುತ್ತದೆ. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡುವುದರಿಂದ ಇದು ತಿಳಿಯುವಂಥದಲ್ಲ.

ಮೆತ್ತಗಿರುವುದರ ಪ್ರಯೋಜನ ಬೇರೆ. ಅದು ಅದೇ ಭಾರವನ್ನು ಹೆಚ್ಚು ವಿಸ್ತೀರ್ಣಕ್ಕೆ ಹಂಚಿ ಒತ್ತಡವನ್ನು ಕಡಮೆ ಮಾಡುತ್ತದೆ. ಪ್ರಾಚೀನ ಈಜಿಪ್ಟಿನವರು ಮರ, ಕಲ್ಲು, ದಂತಗಳಿಂದ ಮಾಡಿದ ತಲೆಯಾನಿಕೆಗಳನ್ನು ಬಳಸುತ್ತಿದ್ದರು. ೧೯೨೨ರಲ್ಲಿ ಪತ್ತೆಯಾದ ತುತಂಖಮನ್ ದೊರೆಯ ಸಮಾಧಿಯಲ್ಲಿ ದಂತದ್ದೊಂದು ಸಿಕ್ಕಿತು. ಎತ್ತರದ ಆಸರೆಯನ್ನು ಅದು ಕೊಡುತ್ತಿತ್ತು, ನಿಜ. ಆದರೆ ಭಾರವೆಲ್ಲ ಅಂಗೈಯಗಲದ ಜಾಗದ ಮೇಲೆ.

ಹತ್ತಿಯ ದಿಂಬು ಕಾಲಕ್ರಮದಲ್ಲಿ ಗಂಟುಗಟ್ಟಿ ತಗ್ಗುತ್ತದೆ. ಹತ್ತಿಯು ಗಾಳಿಯ ಮತ್ತು ಬೆವರಿನ ತೇವವನ್ನು ಹೀರಿಕೊಳ್ಳುವುದರಿಂದ ಬಿಸಿಲಿಗೆ ಹಾಕಿ ಬಡಿದರೆ ತೇವ ಆರಿ, ಎಳೆಗಳ ನಡುವೆ ಗಾಳಿ ಸೇರಿ, ದಿಂಬು ಮತ್ತೆ ಉಬ್ಬುತ್ತದೆ. ಹಿರಿಯರ ಮಾತು ಹುಸಿಯಲ್ಲ. ಆದರೆ ಅದು ಉಳುಕಿದ ಕತ್ತಿಗಿಂತ ಮುಂದಿನ ರಾತ್ರಿಗೆ ಸಹಾಯಕ. ಬೂರುಗದ ಹತ್ತಿಯ ಎಳೆಗಳು ಟೊಳ್ಳಾಗಿ ಹಗುರವಾಗಿರುತ್ತವೆ. ‘ಮೆಮೊರಿ ಫೋಮ್’ ಎಂಬುದು ೧೯೬೬ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಆಶ್ರಯದಲ್ಲಿ ವಿಮಾನದ ಆಸನಗಳಿಗಾಗಿ ರೂಪುಗೊಂಡ ಪದಾರ್ಥ. ಬಿಸಿ ತಗಲಿದರೆ ಮೆತ್ತಗಾಗಿ ತಲೆಯ ಆಕಾರವನ್ನು ತಳೆಯುತ್ತದೆ, ಚಳಿಯಲ್ಲಿ ಬಿಗಿಯುತ್ತದೆ. ಎತ್ತರ ಹೊಂದಿದರೆ ಇವುಗಳಲ್ಲಿ ಯಾವುದಾದರೂ ಆದೀತು.

ನಿದ್ರೆಯಲ್ಲಿ ನಾವು ಹಲವು ಸಲ ಹೊರಳುತ್ತೇವೆ. ಒಂದೇ ಎತ್ತರ ಎಲ್ಲ ಭಂಗಿಗಳಿಗೂ ಒಪ್ಪುವಂತಿಲ್ಲ. ಹೆಚ್ಚು ಹೊತ್ತು ಇರುವ ಭಂಗಿಗೆ ಹೊಂದಿಸಿಕೊಂಡು, ನಡುಭಾಗ ತಗ್ಗಾಗಿ ಎರಡು ಪಕ್ಕ ಎತ್ತರವಾಗುವಂತೆ ದಿಂಬಿನ ಹತ್ತಿಯನ್ನು ಸರಿಸಿಕೊಳ್ಳಬಹುದು. ಎತ್ತರ ಬದಲಿಸಿದ ಮೇಲೆ ಒಂದು ರಾತ್ರಿಗೇ ತೀರ್ಪು ಕೊಡದೆ ಒಂದೆರಡು ವಾರ ನೋಡಬೇಕು.

ಬೆಳಗಿನ ತಲೆನೋವೆಲ್ಲ ದಿಂಬಿನದೆಂದು ತಿಳಿಯಬಾರದು. ಜೋರಾದ ಗೊರಕೆಯೊಡನೆ ಉಸಿರು ಕಟ್ಟಿದಂತಾಗುವವರಿಗೂ, ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೂ ಅದು ಬರುತ್ತದೆ. ನೋವು ತೋಳಿಗೆ ಇಳಿದು ಬೆರಳು ಜೋಮು ಹಿಡಿದರೆ, ಕೈ ಬಲಗುಂದಿದರೆ, ಅಥವಾ ಬಿದ್ದ ಪೆಟ್ಟಿನ ನಂತರ ಕತ್ತು ನೊಂದರೆ ವೈದ್ಯರಿಗೆ ತೋರಿಸಬೇಕು. ಜ್ವರದೊಡನೆ ಕತ್ತು ಸೆಟೆದುಕೊಂಡರೆ, ಇಲ್ಲವೆ ಹಿಂದೆಂದೂ ಕಾಣದಂತಹ ತಲೆನೋವು ಹಠಾತ್ತಾಗಿ ಬಂದರೆ, ದಿಂಬಿನ ಯೋಚನೆಯನ್ನು ಬಿಟ್ಟು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.